ಕರೆದು ಬೈದದ್ದು ಸರಿಯಾ? ಕೊಲಂಬಿಯಾದಲ್ಲಿ ಅಹ್ಮದಿನೆಜಾದ್, ನಮ್ಮಲ್ಲಿ ಶನಿವಾರದ ಚರ್ಚಾಸ್ಪರ್ಧೆ

ಹಾಸನದ ಇತಿಹಾಸ ಮೇಡಂ

ಎಲ್ಲರಿಗೂ ನಮಸ್ಕಾರ. ಈ ಶನಿವಾರ ನಮ್ಮ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇದೆ. ವಿಷಯ ಕೊಟ್ಟವಳು ನಾನೇ. ವಿವಾದದಲ್ಲಿರುವ ವಿದೇಶಿ ನಾಯಕನನ್ನು ವಿಶ್ವವಿದ್ಯಾಲಯಕ್ಕೆ ಕರೆಯಬಹುದೇ, ಬಾರದೇ? ಉದಾಹರಣೆಗೆ 2007ರ ಸೆಪ್ಟೆಂಬರ್ 24ರಂದು ಇರಾನಿನ ಅಧ್ಯಕ್ಷ ಮಹಮೂದ್ ಅಹ್ಮದಿನೆಜಾದ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಾತಾಡಿದ್ದನ್ನು ತೆಗೆದುಕೊಂಡೆ. ನಿನ್ನೆ ತರಗತಿಯಲ್ಲಿ ಅದರ ವಿಡಿಯೋ ಹಾಕಿದೆ. ಬೆಲ್ ಹೊಡೆದರೂ ಮಕ್ಕಳು ಏಳಲಿಲ್ಲ. ಅರ್ಧ ಜನ ಆ ಕಡೆ, ಅರ್ಧ ಜನ ಈ ಕಡೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಅವರು ವಿಶ್ವಸಂಸ್ಥೆಯ ಸಭೆಗೆ ಬಂದಿದ್ದರು. ಕೊಲಂಬಿಯಾದವರು ಅದೇ ಸಮಯದಲ್ಲಿ ಮಾತಿಗೆ ಕರೆದರು. ಹಿಂದಿನ ವರ್ಷವೂ ಒಮ್ಮೆ ಕರೆದು ಆಮೇಲೆ ಬೇಡ ಅಂದಿದ್ದರು. ಈ ಸಲ ಕರೆದಾಗ ಭಾರೀ ಗಲಾಟೆ ಆಯಿತು. ಅತಿಥಿಯ ಪರಿಚಯ ಮಾಡಬೇಕಾದ ಜಾಗದಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷ ಲೀ ಬೋಲಿಂಜರ್ ಎದ್ದು ನಿಂತು, ಸಣ್ಣತನದ ಕ್ರೂರ ಸರ್ವಾಧಿಕಾರಿಯ ಲಕ್ಷಣಗಳೆಲ್ಲ ನಿಮ್ಮಲ್ಲಿವೆ ಎಂದು ಮುಖದ ಮೇಲೆಯೇ ಹೇಳಿದರು. ಯಹೂದಿಗಳ ಹತ್ಯಾಕಾಂಡವನ್ನು ಕಟ್ಟುಕಥೆ ಅನ್ನುವವರು ಬೇಕೆಂದೇ ಕೆಣಕುವವರು, ಇಲ್ಲವೇ ಏನೂ ಓದಿರದವರು ಅಂತಲೂ ಹೇಳಿದರು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕರೆದದ್ದು ಸರಿ. ಹಾಗೆ ಬರಮಾಡಿಕೊಂಡದ್ದು ತಪ್ಪು. ನಮ್ಮ ಕಡೆ ಯಾರೇ ಮನೆಗೆ ಬರಲಿ, ಮೊದಲು ಬೆಲ್ಲ ನೀರು ಕೊಡುತ್ತೇವೆ. ಜಗಳ ಇದ್ದರೆ ಆಮೇಲೆ. ನೀವೆಲ್ಲ ಏನು ಹೇಳುತ್ತೀರಿ?

ಬೇಲೂರು ರಸ್ತೆ

ಮೇಡಂ, ನಾನು ನಿಮ್ಮ ಪಕ್ಷ. ಊರಿನಲ್ಲಿ ನ್ಯಾಯ ಸೇರಿಸಿದಾಗ ಕರೆಸಿದವರೇ ಮೊದಲು ತೀರ್ಪು ಹೇಳಿಬಿಟ್ಟರೆ ಅದಕ್ಕೆ ನ್ಯಾಯ ಅಂತ ಯಾರೂ ಅನ್ನುವುದಿಲ್ಲ. ಬೈಯಬೇಕು ಅಂತಿದ್ದರೆ ಪತ್ರಿಕೆಗೆ ಬರೆಯಬಹುದಿತ್ತು. ಕರೆಸಿ, ಕೂರಿಸಿ, ಬೈದರೆ ಎದುರಿನವನಿಗೇ ಲಾಭ. ಆತ ಎದ್ದು ಹೇಳಿದ್ದೂ ಅದನ್ನೇ ಅಲ್ವಾ? ನಮ್ಮ ದೇಶದಲ್ಲಿ ಅತಿಥಿಯನ್ನು ಕರೆದರೆ ಅವನ ಮಾತು ಕೇಳಿ ತೀರ್ಮಾನ ಮಾಡುವ ಕೆಲಸ ವಿದ್ಯಾರ್ಥಿಗಳಿಗೆ ಬಿಡುತ್ತೇವೆ ಅನ್ನುವ ಅರ್ಥದಲ್ಲಿ ಮಾತಾಡಿದ. ಚಪ್ಪಾಳೆಯೂ ಬಿತ್ತು.

ಅರಸೀಕೆರೆ ತೆಂಗು

ನನಗೆ ಇದು ಒಪ್ಪಿಗೆಯಾಗಲಿಲ್ಲ. ಬೆಲ್ಲ ನೀರು ಕೊಡುವುದು ದಾರಿ ತಪ್ಪಿ ಬಂದವನಿಗೂ ಸರಿ, ಶತ್ರುವಿಗೂ ಸರಿ. ಆದರೆ ಇಲ್ಲಿ ಬಂದವನ ಹಿಂದೆ ಜೈಲುಗಳಿದ್ದವು. ಆ ಜೈಲಿನಲ್ಲಿ ಪತ್ರಕರ್ತರು, ಹೆಣ್ಣುಮಕ್ಕಳ ಹಕ್ಕು ಕೇಳಿದವರು, ವಿದ್ಯಾರ್ಥಿಗಳು ಇದ್ದರು. ಅವರ ಅಮ್ಮಂದಿರು ಟಿವಿಯಲ್ಲಿ ಆ ವೇದಿಕೆ ನೋಡಿದರೆ ಏನು ಅನ್ನಿಸಬಹುದು? ಅಷ್ಟು ಹೆಸರಿನ ವಿಶ್ವವಿದ್ಯಾಲಯದ ಮುದ್ರೆ ಇರುವ ಮೇಜಿನ ಹಿಂದೆ ನಿಂತ ಫೋಟೋ ಒಂದು ಸಾಕು, ಊರಿಗೆ ಹೋಗಿ ತೋರಿಸಿಕೊಳ್ಳಲು. ಬೈದ ಮಾತು ಅಲ್ಲಿಯ ಟಿವಿಯಲ್ಲಿ ಹೇಗೆ ಬಂತೋ ಯಾರಿಗೆ ಗೊತ್ತು. ಫೋಟೋ ಮಾತ್ರ ಉಳಿಯುತ್ತದೆ. ಕರೆಯಲೇಬಾರದಿತ್ತು. ಇದು ನನ್ನ ಖಚಿತ ಮಾತು.

ಮೂಡಿಗೆರೆ ವಕೀಲ

ಒಂದು ವಿಷಯ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ಚರ್ಚೆಯಲ್ಲಿ ಜನ ಯಾವಾಗಲೂ ಎರಡನ್ನು ಕಲಸುತ್ತಾರೆ. ಅವರು ನ್ಯೂಯಾರ್ಕಿಗೆ ಬರುವುದನ್ನು ಅಮೆರಿಕ ಸುಮ್ನೆ ತಡೆಯುವಂತಿರಲಿಲ್ಲ. ವಿಶ್ವಸಂಸ್ಥೆಯ ಮುಖ್ಯ ಕಚೇರಿ ಅಲ್ಲಿರುವುದರಿಂದ 1947ರಲ್ಲೇ ಒಪ್ಪಂದ ಆಗಿದೆ. ಸದಸ್ಯ ದೇಶಗಳ ಪ್ರತಿನಿಧಿಗಳಿಗೆ ದಾರಿ ಬಿಡಬೇಕು. ಆದರೆ ಕೊಲಂಬಿಯಾ ಕರೆಯಲೇಬೇಕು ಅಂತ ಎಲ್ಲೂ ಇಲ್ಲ. ಅದು ಖಾಸಗಿ ವಿಶ್ವವಿದ್ಯಾಲಯ. ಅವಳಿ ಗೋಪುರ ಬಿದ್ದ ಜಾಗದಲ್ಲಿ ಹೂವಿನ ಹಾರ ಇಡುತ್ತೇನೆ ಅಂತ ಅವರು ಕೇಳಿದ್ದರು. ಅದಕ್ಕೆ ಪೊಲೀಸರು ಒಪ್ಪಲಿಲ್ಲ. ಅಂದರೆ ಎಲ್ಲಿ ಬಿಡಬೇಕು, ಎಲ್ಲಿ ಬಿಡಬಾರದು ಅನ್ನುವುದು ಆಯಾ ಜಾಗದವರ ತೀರ್ಮಾನವಾಗಿತ್ತು.

ಹಾಗಾದರೆ ಹಕ್ಕು ಯಾರದು? ನಮ್ಮ ಸಂವಿಧಾನದ 19(1)(ಎ) ವಿಧಿಯಲ್ಲೂ ಮಾತಿನ ಸ್ವಾತಂತ್ರ್ಯ ಇರುವುದು ನಾಗರಿಕರಿಗೆ. ಹೊರಗಿನಿಂದ ಬಂದ ಅಧ್ಯಕ್ಷ ಅದನ್ನು ತನ್ನ ಹಕ್ಕು ಅನ್ನುವ ಹಾಗಿಲ್ಲ. ಬೋಲಿಂಜರ್ ಮಾತಿನ ಸ್ವಾತಂತ್ರ್ಯದ ಕಾನೂನನ್ನೇ ಓದಿ ಬರೆದವರು. ಅಂದು ಅವರು ಹೇಳಿದ್ದರಲ್ಲಿ ಎಲ್ಲರೂ ಬೈಗುಳ ಮಾತ್ರ ನೆನಪಿಟ್ಟುಕೊಂಡರು. ಅದಕ್ಕಿಂತ ಮುಖ್ಯ ಮಾತು ಇನ್ನೊಂದಿತ್ತು. ಈ ಸಭೆ ಭಾಷಣಕಾರನ ಹಕ್ಕಿಗಾಗಿ ಅಲ್ಲ, ಕೇಳುವ ಮತ್ತು ಮಾತಾಡುವ ನಮ್ಮ ಹಕ್ಕಿಗಾಗಿ ಎಂದರು. ನಾನು ಇದನ್ನು ಪೂರ್ತಿ ಒಪ್ಪುತ್ತೇನೆ. ಮಕ್ಕಳಿಗೆ ಇದನ್ನು ಹೇಳಿ ಮೇಡಂ.

ಅರಸೀಕೆರೆ ತೆಂಗು

ವಕೀಲರೇ, ಕೇಳುವ ಹಕ್ಕು ಅಂದರೆ ಅವರ ಭಾಷಣ ಪತ್ರಿಕೆಯಲ್ಲಿ ಓದಬಹುದು, ಟಿವಿಯಲ್ಲಿ ಕೇಳಬಹುದು. ಮರುದಿನವೇ ವಿಶ್ವಸಂಸ್ಥೆಯಲ್ಲಿ ಮಾತಾಡುವವರಿದ್ದರು. ಇನ್ನೊಂದು ವೇದಿಕೆ ಯಾಕೆ?

ಮೂಡಿಗೆರೆ ವಕೀಲ

ವಿಶ್ವಸಂಸ್ಥೆಯಲ್ಲಿ ಕೈ ಎತ್ತಿ ಪ್ರಶ್ನೆ ಕೇಳುವ ಹಾಗಿಲ್ಲ. ಅದಕ್ಕೇ.

ನ್ಯೂಜೆರ್ಸಿಯಲ್ಲಿರುವ ಹಾಸನದವಳು

ನಾನು ಅವತ್ತು ಅಲ್ಲೇ ಇದ್ದೆ. ಕೊಲಂಬಿಯಾದಲ್ಲಿ ಓದುತ್ತಿರಲಿಲ್ಲ, ಕೆಲಸಕ್ಕೆ ಆ ಕಡೆ ಹೋಗುತ್ತಿದ್ದೆ. ಸೋಮವಾರ. ಬ್ರಾಡ್‌ವೇಯ 116ನೇ ರಸ್ತೆ ಸ್ಟೇಷನ್ನಿನಿಂದ ಮೇಲೆ ಬಂದರೆ ಎದುರಿಗೇ ಕ್ಯಾಂಪಸ್ ಗೇಟು. ಅವತ್ತು ಗೇಟಿನ ಮುಂದೆ ಪೊಲೀಸ್ ಬೇಲಿ, ಅದರ ಆಚೆ ಘೋಷಣೆ ಕೂಗುವ ಜನ, ಟಿವಿ ವ್ಯಾನುಗಳು. ಒಳಗೆ ಲರ್ನರ್ ಹಾಲ್‌ನಲ್ಲಿ ಕಾರ್ಯಕ್ರಮ. ಸೀಟು ಸಿಗದ ವಿದ್ಯಾರ್ಥಿಗಳಿಗೆ ಹುಲ್ಲಿನ ಮೇಲೆ ದೊಡ್ಡ ಪರದೆ ಹಾಕಿದ್ದರು. ಗುರುತಿನ ಚೀಟಿ ಇಲ್ಲದ ನನ್ನಂಥವರಿಗೆ ಒಳಗೆ ಪ್ರವೇಶ ಇರಲಿಲ್ಲ. ರಾತ್ರಿ ಮನೆಗೆ ಹೋಗಿ ಪೂರ್ತಿ ನೋಡಿದೆ.

ನನ್ನ ಮನಸ್ಸಿಗೆ ತಾಗಿದ್ದು ಬೋಲಿಂಜರ್ ಮಾತಲ್ಲ. ಪ್ರಶ್ನೋತ್ತರ. ಜಾನ್ ಕೋಟ್ಸ್‌ವರ್ತ್ ಅನ್ನುವ ಡೀನ್ ಪ್ರಶ್ನೆ ಓದುತ್ತಿದ್ದರು. ಇಸ್ರೇಲ್ ನಾಶವಾಗಬೇಕು ಅಂತ ನಿಮ್ಮ ಸರ್ಕಾರ ಬಯಸುತ್ತದಾ ಅಂತ ಕೇಳಿದರೆ ಆತ ಪ್ಯಾಲೆಸ್ಟೈನ್ ಜನ ಮತ ಹಾಕಲಿ ಅಂತ ಸುತ್ತಿ ಬಳಸಿ ಮಾತಾಡಿದ. ಹೌದು ಅಥವಾ ಇಲ್ಲ ಅಂತ ಹೇಳಿ ಅಂತ ಡೀನ್ ಬಿಡದೆ ಕೇಳಿದರು. ಆತ ಹೇಳಲಿಲ್ಲ. ಸಲಿಂಗಿಗಳನ್ನು ಗಲ್ಲಿಗೆ ಹಾಕುವ ಬಗ್ಗೆ ಪ್ರಶ್ನೆ ಬಂತು. ನಿಮ್ಮ ದೇಶದಲ್ಲಿ ಇರುವ ಹಾಗೆ ಇರಾನಿನಲ್ಲಿ ಅಂಥವರು ಇಲ್ಲ ಅಂದುಬಿಟ್ಟ. ಇಡೀ ಸಭೆ ನಕ್ಕಿತು, ಆಮೇಲೆ ಛೀ ಅಂತ ಕೂಗಿತು. ಬೋಲಿಂಜರ್ ಅಷ್ಟು ಹೊತ್ತು ಹೇಳಿದ್ದು ಮಾಡಲಾಗದ ಕೆಲಸವನ್ನು ಆ ಒಂದು ಉತ್ತರ ಮಾಡಿತು. ಇವತ್ತಿಗೂ ಆ ದಿನದ್ದು ಅಂತ ಜನ ನೆನಪಿಸಿಕೊಳ್ಳುವುದು ಅದನ್ನೇ.

ಇದು ಹೊರಬಂದದ್ದು ಆತನನ್ನು ಕರೆದದ್ದರಿಂದ, ಕೇಳಿದ್ದರಿಂದ. ನಗು ಮಾತ್ರ ನನಗೆ ಈಗಲೂ ಸಂಕಟ ಕೊಡುತ್ತದೆ. ಅಲ್ಲಿ ಗಲ್ಲಿಗೆ ಹೋಗುವ ಹುಡುಗರ ವಿಷಯ ಅದು. ಇಲ್ಲಿ ನಗು.

ಬಾಳೆಹೊನ್ನೂರು ಕಾಫಿ

ಅಕ್ಕ, ಚೆನ್ನಾಗಿ ಬರೆದಿದ್ದೀರಿ. ನನಗೆ ಇದನ್ನೆಲ್ಲ ಓದುವಾಗ 1978 ನೆನಪಾಗುತ್ತದೆ. ನಾನು ಆಗ ಹುಟ್ಟಿರಲಿಲ್ಲ, ಅಮ್ಮ ಹೇಳಿದ್ದು. ತುರ್ತು ಪರಿಸ್ಥಿತಿ ಮುಗಿದು ಸೋತಿದ್ದ ಇಂದಿರಾ ಗಾಂಧಿ ನಮ್ಮ ಚಿಕ್ಕಮಗಳೂರಿನಿಂದ ಉಪಚುನಾವಣೆಗೆ ನಿಂತರು. ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟರು. ಎದುರಿಗೆ ವೀರೇಂದ್ರ ಪಾಟೀಲರು. ತುರ್ತು ಪರಿಸ್ಥಿತಿಯಲ್ಲಿ ಜೈಲಿನಲ್ಲಿದ್ದ ಜಾರ್ಜ್ ಫರ್ನಾಂಡಿಸ್ ಬಂದು ಇಂದಿರಾ ವಿರುದ್ಧ ಪ್ರಚಾರ ಮಾಡಿದರು. ಅಮ್ಮ ತೋಟದ ಲೈನಿನ ಹೆಂಗಸರ ಜೊತೆ ಇಂದಿರಾ ನೋಡಲು ಹೋಗಿದ್ದಳು, ಅಪ್ಪ ಜಾರ್ಜ್ ಭಾಷಣಕ್ಕೆ ಹೋಗಿದ್ದರು. ಒಂದೇ ಮನೆ. ಇಂದಿರಾ ಗೆದ್ದರು. ಗೆದ್ದದ್ದು ಸರಿಯೋ ತಪ್ಪೋ ಬೇರೆ ಮಾತು. ಅಮ್ಮ, ಅಪ್ಪ ಇಬ್ಬರೂ ಓದಿದವರಲ್ಲ. ಆದರೂ ಕೇಳಿ ತೀರ್ಮಾನ ಮಾಡಿದರು. ವಿಶ್ವವಿದ್ಯಾಲಯದಲ್ಲಿ ಓದುವವರಿಗೆ ಅಷ್ಟು ಶಕ್ತಿ ಇಲ್ಲ ಅಂತ ನಾವು ಯಾಕೆ ಅಂದುಕೊಳ್ಳಬೇಕು?

ಅರಸೀಕೆರೆ ತೆಂಗು

ಆದರೆ ನಿಮ್ಮ ಅಪ್ಪನಿಗೆ ಎದುರು ಪಕ್ಷದ ಭಾಷಣಕ್ಕೆ ಹೋಗಿ ವಾಪಸ್ ಮನೆಗೆ ಬರುವ ಸ್ವಾತಂತ್ರ್ಯ ಇತ್ತು. ಮತ ಹಾಕುವ ಕೈಯೂ ಇತ್ತು. ಕೊಲಂಬಿಯಾದ ವಿದ್ಯಾರ್ಥಿ ಅಹ್ಮದಿನೆಜಾದ್‌ಗೆ ಮತ ಹಾಕುವವನಲ್ಲ. ಅನುಭವಿಸುವವನು ಇರಾನಿನವನು. ಅವನು ಆ ಹಾಲ್‌ನಲ್ಲಿ ಇರಲಿಲ್ಲ.

ಕೊನೆ ವರ್ಷದ ಬಿಎ

ಮೇಡಂ, ನಾನು ನಿಮ್ಮ ತರಗತಿಯವನೇ, ಶನಿವಾರ "ಕರೆಯಬಾರದು" ಪಕ್ಷದಲ್ಲಿ ಮಾತಾಡುತ್ತೇನೆ. ಓದುವಾಗ ಸಿಕ್ಕಿದ್ದು ಹೇಳುತ್ತೇನೆ. ಇದೇ ಕೊಲಂಬಿಯಾ 1933ರ ಡಿಸೆಂಬರಿನಲ್ಲಿ ಹಿಟ್ಲರ್ ಸರ್ಕಾರದ ರಾಯಭಾರಿ ಹಾನ್ಸ್ ಲೂಥರ್ ಅವರನ್ನು ಕರೆದಿತ್ತು. ಆಗಿನ ಅಧ್ಯಕ್ಷ ನಿಕೋಲಸ್ ಮರ್ರೆ ಬಟ್ಲರ್. ವಿದ್ಯಾರ್ಥಿಗಳು ಪ್ರತಿಭಟನೆ ಮಾಡಿದರೂ ಕಾರ್ಯಕ್ರಮ ನಡೆಯಿತು. 1936ರಲ್ಲಿ ಜರ್ಮನಿಯ ಹೈಡೆಲ್ಬರ್ಗ್ ವಿಶ್ವವಿದ್ಯಾಲಯದ 550ನೇ ವರ್ಷದ ಹಬ್ಬಕ್ಕೆ ಕೊಲಂಬಿಯಾ ಪ್ರತಿನಿಧಿ ಕಳಿಸಿತು. ಅಷ್ಟರಲ್ಲಿ ಅಲ್ಲಿಂದ ಯಹೂದಿ ಪ್ರಾಧ್ಯಾಪಕರನ್ನು ಓಡಿಸಿಯಾಗಿತ್ತು. ಇದನ್ನು ವಿರೋಧಿಸಿ ಮುಂದೆ ನಿಂತ ರಾಬರ್ಟ್ ಬರ್ಕ್ ಅನ್ನುವ ವಿದ್ಯಾರ್ಥಿಯನ್ನು ಕೊಲಂಬಿಯಾ ಹೊರಹಾಕಿತು.

ನೋಡಿ ಮೇಡಂ, ಅತಿಥಿಗೆ ಮರ್ಯಾದೆ, ಪ್ರಶ್ನೆ ಕೇಳಿದ ಹುಡುಗನಿಗೆ ಮನೆ ದಾರಿ. ನೀವು ಹೇಳಿದ ಬೆಲ್ಲ ನೀರಿನಲ್ಲಿ ಈ ಅಪಾಯ ಇದೆ. 2007ರಲ್ಲಿ ಡೀನ್ ಕೋಟ್ಸ್‌ವರ್ತ್ ಟಿವಿಯಲ್ಲಿ, ಹಿಟ್ಲರ್ ಬಂದು ವಿದ್ಯಾರ್ಥಿಗಳ ಪ್ರಶ್ನೆಗೆ ಉತ್ತರ ಕೊಡಲು ತಯಾರಿದ್ದರೆ ಅವನನ್ನೂ ಕರೆಯುತ್ತಿದ್ದೆವು ಎಂದರಂತೆ. 1933ರಲ್ಲಿ ಹಿಟ್ಲರನ ಮನುಷ್ಯನನ್ನು ನಿಜವಾಗಿಯೂ ಕರೆದಿದ್ದರು. ಅದರಿಂದ ಏನು ತಿಳಿದುಕೊಂಡರು?

ಹಾಸನದ ಇತಿಹಾಸ ಮೇಡಂ

ಇದನ್ನು ಓದಿ ನಿಜಕ್ಕೂ ಸಂತೋಷವಾಯಿತು. ರಾಬರ್ಟ್ ಬರ್ಕ್ ವಿಷಯ ನನ್ನ ಟಿಪ್ಪಣಿಯಲ್ಲಿ ಇರಲಿಲ್ಲ. ನಾನು ಬೆಲ್ಲ ನೀರು ಅಂದದ್ದು ಅತಿಥಿಯ ಕಡೆ ನೋಡಿಕೊಂಡು. ಪ್ರಶ್ನೆ ಕೇಳುವವನಿಗೆ ಏನಾಗುತ್ತದೆ ಅನ್ನುವುದನ್ನು ಮೊದಲು ಕೇಳಬೇಕಿತ್ತು. ರಾತ್ರಿ ಇದನ್ನೇ ಯೋಚನೆ ಮಾಡುತ್ತೇನೆ.

ಕುದುರೆಮುಖದ ಮಗ

ನಾನು ಸಾಮಾನ್ಯವಾಗಿ ಓದಿ ಸುಮ್ಮನಾಗುವವನು. ಇರಾನ್ ಅಂದಮೇಲೆ ಬರೆಯದೆ ಇರಲು ಆಗುತ್ತಿಲ್ಲ. ನಮ್ಮ ಮನೆಯಲ್ಲಿ ಇರಾನ್ ಅನ್ನುವ ಹೆಸರು ನಾನು ಚಿಕ್ಕವನಿದ್ದಾಗಿನಿಂದ ಇದೆ. ಅಪ್ಪ ಕುದುರೆಮುಖ ಅದಿರು ಕಂಪನಿಯಲ್ಲಿ ಕೆಲಸಕ್ಕಿದ್ದರು. ಮಲ್ಲೇಶ್ವರ ಟೌನ್‌ಶಿಪ್ಪಿನ ಕ್ವಾರ್ಟರ್ಸಿನಲ್ಲಿ ನಾವು ಬೆಳೆದದ್ದು. ಆರು ತಿಂಗಳು ಮಳೆ, ಗೋಡೆ ಒಣಗುತ್ತಲೇ ಇರಲಿಲ್ಲ. ಆ ಗಣಿ ಶುರುವಾದದ್ದೇ ಇರಾನಿನಿಂದ. 1975ರಲ್ಲಿ ಷಾ, ಅಂದರೆ ಅಲ್ಲಿನ ದೊರೆಯ ಸರ್ಕಾರದ ಜೊತೆ ಒಪ್ಪಂದ ಆಯಿತು. 63 ಕೋಟಿ ಡಾಲರ್ ಸಾಲ ಅವರು ಕೊಡಬೇಕು, ಅದಿರು ನಾವು ಕಳಿಸಬೇಕು. 1976ರಲ್ಲಿ ಕಂಪನಿ ಆಯಿತು. ಅದಿರನ್ನು ಅರೆದು ನೀರಿನಲ್ಲಿ ಕಲಸಿ ಘಟ್ಟದ ಕೆಳಗೆ ಮಂಗಳೂರಿನ ತನಕ ಪೈಪಿನಲ್ಲಿ ಬಿಡುವ ವ್ಯವಸ್ಥೆ ಮಾಡಿದರು. ಅಷ್ಟರಲ್ಲಿ 1979ರಲ್ಲಿ ಇರಾನಿನಲ್ಲಿ ಕ್ರಾಂತಿ. ಷಾ ಓಡಿಹೋದ. ಹಣ ನಿಂತಿತು. 1980ರಲ್ಲಿ ಎಲ್ಲ ಕಟ್ಟಿ ಮುಗಿದಾಗ ಕೊಳ್ಳುವವನೇ ಇಲ್ಲ. ಅಪ್ಪ ಆ ವರ್ಷಗಳ ಬಗ್ಗೆ ಮಾತಾಡುವಾಗ ಈಗಲೂ ದನಿ ಬದಲಾಗುತ್ತದೆ. ಕೆಲಸ ಇರುತ್ತದೋ ಹೋಗುತ್ತದೋ ಗೊತ್ತಿರಲಿಲ್ಲ. ಟೆಹರಾನಿನ ಬೀದಿಯಲ್ಲಿ ಆದದ್ದು ನಮ್ಮ ಅಡಿಗೆಮನೆಗೆ ಬಂದಿತ್ತು.

ಹೇಳಬೇಕಾದ್ದು ಇಷ್ಟು. ಷಾ ಕೂಡ ಜನರನ್ನು ಜೈಲಿಗೆ ಹಾಕಿದವನೇ. ಅವನ ಗುಪ್ತಪೊಲೀಸರ ಹೆಸರು ಕೇಳಿದರೆ ಇರಾನಿನವರು ಹೆದರುತ್ತಿದ್ದರು. ಅಂಥವನನ್ನು 1968ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಕರೆದು ಗೌರವ ಡಾಕ್ಟರೇಟ್ ಕೊಟ್ಟು, ಪದವಿ ಸಮಾರಂಭದಲ್ಲಿ ಭಾಷಣ ಮಾಡಿಸಿತು. ಅವನಿಗೆ ಹಾರ, ಇವನಿಗೆ ಬೈಗುಳ. ಒಬ್ಬ ಅಮೆರಿಕದ ಸ್ನೇಹಿತ, ಇನ್ನೊಬ್ಬ ಅಲ್ಲ. ಇರಾನಿನ ಜನಕ್ಕೆ ಇದು ಕಾಣುವುದಿಲ್ಲವಾ? 1953ರಲ್ಲಿ ಅವರು ಆರಿಸಿದ್ದ ಪ್ರಧಾನಿ ಮೊಸಾದಿಕ್ ಸರ್ಕಾರವನ್ನು ಬೀಳಿಸುವುದರಲ್ಲಿ ಅಮೆರಿಕದ ಕೈ ಇತ್ತು. ಅದನ್ನು ಅವರು ಮರೆತಿಲ್ಲ. ಬೋಲಿಂಜರ್ ಬೈದಾಗ ಅಹ್ಮದಿನೆಜಾದ್‌ನನ್ನು ಇಷ್ಟಪಡದ ಎಷ್ಟೋ ಇರಾನಿಗಳಿಗೂ ನೋವಾಯಿತು. ಅಲ್ಲಿನ ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಬೋಲಿಂಜರ್‌ಗೆ ಪತ್ರ ಬರೆದು ತಿರುಗಿ ಪ್ರಶ್ನೆ ಕೇಳಿದರು. ಕರೆಯುವವರು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು. ಡಾಕ್ಟರೇಟ್ ಬೇಡ, ಬೈಗುಳವೂ ಬೇಡ. ಪ್ರಶ್ನೆ ಕೇಳಿ, ಕಳಿಸಿ.

ಬೇಲೂರು ರಸ್ತೆ

ಅಣ್ಣ, ಕುದುರೆಮುಖಕ್ಕೂ ಇರಾನಿಗೂ ನಂಟಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ. 2005ರ ಕೊನೆಗೆ ಗಣಿ ನಿಂತಿತು ಅನ್ನುವುದಷ್ಟೇ ಗೊತ್ತಿತ್ತು. ಹಾರ್ವರ್ಡ್ ವಿಷಯ ಶನಿವಾರ ಮಕ್ಕಳು ಬಳಸಿಕೊಳ್ಳಲಿ.

ನ್ಯೂಜೆರ್ಸಿಯಲ್ಲಿರುವ ಹಾಸನದವಳು

ಕುದುರೆಮುಖದ ಅಣ್ಣ ಹೇಳಿದ್ದು ನಿಜ, ಇಲ್ಲಿ ನನಗೆ ಪರಿಚಯದ ಇರಾನಿ ಮನೆಯವರೂ ಇದೇ ಮಾತು ಹೇಳಿದ್ದರು. ಆದರೆ ಅರಸೀಕೆರೆಯವರು ಕೇಳಿದರಲ್ಲ, ಇರಾನಿನವನು ಆ ಹಾಲ್‌ನಲ್ಲಿ ಎಲ್ಲಿದ್ದ ಅಂತ, ಅದಕ್ಕೆ ಒಂದು ಉತ್ತರ ಇದೆ. ಬೋಲಿಂಜರ್ ಮಾತಿನಲ್ಲಿ ಒಂದು ಹೆಸರು ಬಂತು. ಕಿಯಾನ್ ತಜ್‌ಬಖ್ಶ್. ಇರಾನಿ ಅಮೆರಿಕನ್ ವಿದ್ವಾಂಸ, ಕೊಲಂಬಿಯಾದಲ್ಲಿ ಓದಿದವರು. 2007ರಲ್ಲಿ ಅವರನ್ನು ಟೆಹರಾನಿನ ಎವಿನ್ ಜೈಲಿನಲ್ಲಿ ಇಟ್ಟಿದ್ದರು. ಈ ಸಭೆಗೆ ಸ್ವಲ್ಪ ಮೊದಲು ಜಾಮೀನಿನ ಮೇಲೆ ಹೊರಗೆ ಬಂದಿದ್ದರು, ಆದರೆ ದೇಶ ಬಿಡುವ ಹಾಗಿರಲಿಲ್ಲ. ಬೋಲಿಂಜರ್ ಅಧ್ಯಕ್ಷನ ಎದುರಿಗೇ ಅವರ ಹೆಸರು ಹೇಳಿ, ಕೊಲಂಬಿಯಾಕ್ಕೆ ಪಾಠ ಮಾಡಲು ಕರೆಯುತ್ತಿದ್ದೇವೆ, ಅವರನ್ನು ಬಿಡಿ ಎಂದು ಕೇಳಿದರು.

ಆಮೇಲೆ ಏನಾಯಿತು ಗೊತ್ತಾ? 2009ರ ಜೂನಿನಲ್ಲಿ ಇರಾನಿನ ಚುನಾವಣೆ, ಅಹ್ಮದಿನೆಜಾದ್ ಗೆದ್ದ ಅಂತ ಘೋಷಣೆ, ಲಕ್ಷಾಂತರ ಜನ ಬೀದಿಗೆ ಬಂದರು. ಜುಲೈನಲ್ಲಿ ತಜ್‌ಬಖ್ಶ್ ಅವರನ್ನು ಮತ್ತೆ ಹಿಡಿದರು. 15 ವರ್ಷ ಶಿಕ್ಷೆ ಹಾಕಿದರು. 2010ರಲ್ಲಿ ಹೊರಗೆ ಬಿಟ್ಟರೂ ದೇಶ ಬಿಡಲು ಆದದ್ದು 2016ರಲ್ಲಿ. ಕೊನೆಗೆ ಅವರು ಕೊಲಂಬಿಯಾಕ್ಕೆ ಬಂದು ಪಾಠ ಮಾಡಿದರು. ಒಂಬತ್ತು ವರ್ಷ ಆಗಿತ್ತು.

ಹಾಗಾಗಿ ಆ ಬೈಗುಳದ ಭಾಷಣದಲ್ಲಿ ನಾನು ಒಂದು ಭಾಗ ಉಳಿಸಿಕೊಳ್ಳುತ್ತೇನೆ. ಸರ್ವಾಧಿಕಾರಿ ಅಂದದ್ದು ಬಿಡಿ, ಅದು ಯಾರು ಬೇಕಾದರೂ ಅನ್ನಬಹುದು. ಆ ಒಂದು ಹೆಸರು ಹೇಳಿದ್ದು ದೊಡ್ಡದು.

ಅರಸೀಕೆರೆ ತೆಂಗು

ಅಕ್ಕ, ಈ ವಿಷಯ ನನಗೆ ಗೊತ್ತಿರಲಿಲ್ಲ. ಕರೆಯಬಾರದು ಅನ್ನುವ ನನ್ನ ಮಾತನ್ನು ಪೂರ್ತಿ ಬಿಡುವುದಿಲ್ಲ. ಆದರೆ ಕರೆದರೆ ಹೀಗೆ ಕರೆಯಬೇಕು, ಅಲ್ಲಿ ಬಾಯಿ ಮುಚ್ಚಿಸಿದವರ ಹೆಸರನ್ನು ಇಲ್ಲಿ ಅವನ ಕಿವಿಗೆ ಬೀಳುವ ಹಾಗೆ ಹೇಳಬೇಕು. ಇಲ್ಲದಿದ್ದರೆ ಬೇಡ.

ಬಾಳೆಹೊನ್ನೂರು ಕಾಫಿ

ಇಷ್ಟೆಲ್ಲ ನ್ಯೂಯಾರ್ಕ್ ಬಗ್ಗೆ ಮಾತಾಡಿದೆವು. ನಮ್ಮ ಕಡೆ ಹೇಗಿದೆ ನೋಡಿ. ಕೆಲವು ವರ್ಷದ ಹಿಂದೆ ನಮ್ಮ ಜಿಲ್ಲೆಯ ಒಂದು ಕಾಲೇಜಿಗೆ ಒಬ್ಬರನ್ನು ಉಪನ್ಯಾಸಕ್ಕೆ ಕರೆದಿದ್ದರು. ವಿದೇಶಿ ಅಧ್ಯಕ್ಷ ಅಲ್ಲ, ಅಧಿಕಾರ ಇದ್ದವರೂ ಅಲ್ಲ, ಬರೀ ಬರೆಯುವವರು. ಹಿಂದಿನ ರಾತ್ರಿ ಎರಡು ಫೋನ್ ಬಂತು, ಕಾರ್ಯಕ್ರಮ ರದ್ದು. ನನ್ನ ತಂಗಿ ಅಲ್ಲಿ ಓದುತ್ತಿದ್ದಳು. ಐದು ಪ್ರಶ್ನೆ ಬರೆದಿಟ್ಟುಕೊಂಡಿದ್ದಳು, ಎಲ್ಲವೂ ಅವರ ವಿರುದ್ಧದ ಪ್ರಶ್ನೆಗಳೇ. ಆ ಹಾಳೆ ಇನ್ನೂ ಅವಳ ಪುಸ್ತಕದಲ್ಲಿದೆ. ವಿರೋಧ ಇರುವವರಿಗೂ ಕೇಳುವ ಅವಕಾಶ ಹೋಯಿತು. ಇದು ನನಗೆ ಜಾಸ್ತಿ ಬೇಜಾರು.

ಮೂಡಿಗೆರೆ ವಕೀಲ

ಅಮೆರಿಕದವರೂ ಈಗ ಬೀಗುವ ಹಾಗಿಲ್ಲ. ಇದೇ ಕೊಲಂಬಿಯಾದಲ್ಲಿ 2024ರ ಏಪ್ರಿಲ್‌ನಲ್ಲಿ ಗಾಜಾ ಯುದ್ಧದ ವಿರುದ್ಧ ಹುಲ್ಲುಹಾಸಿನ ಮೇಲೆ ಡೇರೆ ಹಾಕಿ ಕೂತ ವಿದ್ಯಾರ್ಥಿಗಳನ್ನು ಎಬ್ಬಿಸಲು ವಿಶ್ವವಿದ್ಯಾಲಯದ ಅಧ್ಯಕ್ಷರೇ ಪೊಲೀಸರನ್ನು ಕರೆಸಿದರು. ನೂರಕ್ಕೂ ಜಾಸ್ತಿ ಜನರ ಬಂಧನ ಆಯಿತು. ಡೇರೆ ಹಾಕಿದ್ದು ಸರಿಯೇ ಅನ್ನುವುದಕ್ಕೆ ನಾನು ಹೋಗುವುದಿಲ್ಲ. ಹೊರಗಿನ ಅಧ್ಯಕ್ಷನಿಗೆ ವೇದಿಕೆ ಕೊಟ್ಟ ಸಂಸ್ಥೆ ತನ್ನ ಮಕ್ಕಳ ಜೊತೆ ಹೇಗೆ ನಡೆದುಕೊಂಡಿತು ಅನ್ನುವುದನ್ನೂ ಸ್ಪರ್ಧೆಯಲ್ಲಿ ಯಾರಾದರೂ ಹೇಳಲಿ.

ಹಾಸನದ ಇತಿಹಾಸ ಮೇಡಂ

ರಾತ್ರಿ ಎಲ್ಲ ಓದಿದೆ, ಎರಡೆರಡು ಸಲ. ಅಭಿಪ್ರಾಯ ಸ್ವಲ್ಪ ಬದಲಾಗಿದೆ, ಅದನ್ನು ಬರೆಯುತ್ತೇನೆ.

2006ರ ಡಿಸೆಂಬರಿನಲ್ಲಿ ಇದೇ ಅಹ್ಮದಿನೆಜಾದ್ ಟೆಹರಾನಿನ ಅಮೀರ್ ಕಬೀರ್ ವಿಶ್ವವಿದ್ಯಾಲಯಕ್ಕೆ ಹೋಗಿದ್ದರು. ಅಲ್ಲಿ ವಿದ್ಯಾರ್ಥಿಗಳು ಎದ್ದು ನಿಂತು ಸರ್ವಾಧಿಕಾರಿಗೆ ಧಿಕ್ಕಾರ ಕೂಗಿದರು, ಅವರ ಕಣ್ಣ ಮುಂದೆಯೇ ಅವರ ಫೋಟೋ ಸುಟ್ಟರು. ಮುಂದಿನ ವರ್ಷ ಆ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ಜೈಲು ಸೇರಿದರು. ಅದೇ ವರ್ಷ ಕೊಲಂಬಿಯಾದ ಹುಡುಗರು ಅದೇ ಮನುಷ್ಯನ ಎದುರು ಕೂತು ಪ್ರಶ್ನೆ ಕಳಿಸಿ, ನಕ್ಕು, ಕೂಗಿ, ಸಂಜೆ ಹಾಸ್ಟೆಲಿಗೆ ಹೋಗಿ ಊಟ ಮಾಡಿದರು. ಯಾರಿಗೂ ಏನೂ ಆಗಲಿಲ್ಲ. ಅದು ಹಾಗೇ ಇರಬೇಕು. ಆದರೆ ಭಯವಿಲ್ಲದೆ ಕೇಳಬಲ್ಲವರು ಅಮೀರ್ ಕಬೀರ್‌ನ ಹುಡುಗರು ಕೇಳಲಾಗದ ಪ್ರಶ್ನೆಯನ್ನು ಅವರ ಪರವಾಗಿ ಕೇಳಬೇಕಿತ್ತು ಅನ್ನುವುದು ಈಗ ನನ್ನ ಮಾತು. ಹೊರಗೆ ಗೇಟಿನಲ್ಲಿ ಕೂಗುವ ಜನರನ್ನು ಸಮಾಧಾನ ಮಾಡಲು ಕಷ್ಟದ ಮಾತು ಆಡುವುದು ಬೇರೆ. ಎದುರಿಗೆ ಕೂತವನಿಂದ ಉತ್ತರ ಹೊರಗೆ ತೆಗೆಯುವುದು ಬೇರೆ. ಮೊದಲನೆಯದು ಸುಲಭ. ಎರಡನೆಯದಕ್ಕೆ ತುಂಬಾ ಓದಬೇಕು, ಹೆಸರು, ತಾರೀಕು, ಜೈಲಿನ ವಿಳಾಸ ತಿಳಿದಿರಬೇಕು.

ಅದಕ್ಕೆ ಸ್ಪರ್ಧೆಯ ನಿಯಮ ಬದಲಾಯಿಸಿದ್ದೇನೆ. ಪ್ರತಿಯೊಬ್ಬರಿಗೂ ಐದರ ಬದಲು ಮೂರೇ ನಿಮಿಷ ಭಾಷಣ. ಉಳಿದ ಎರಡು ನಿಮಿಷ ಎದುರು ಪಕ್ಷದವರ ಪ್ರಶ್ನೆಗೆ. ಪ್ರಶ್ನೆಗೂ ಅಂಕ ಇದೆ, ಉತ್ತರಕ್ಕಿಂತ ಜಾಸ್ತಿ ಅಂಕ. ಸಭೆಯಲ್ಲಿ ಕೂತವರೂ ಚೀಟಿ ಕಳಿಸಬಹುದು. ಚೀಟಿಯಲ್ಲಿ ಹೆಸರು ಬರೆಯುವುದು ಕಡ್ಡಾಯ ಅಲ್ಲ.

ಕೊನೆ ವರ್ಷದ ಬಿಎ

ಮೇಡಂ, ಹಾಗಾದರೆ ನಾನು ಪಕ್ಷ ಬದಲಾಯಿಸಬಹುದಾ? ತಜ್‌ಬಖ್ಶ್ ಅವರ ವಿಷಯ ಓದಿದ ಮೇಲೆ ಕರೆಯಬಾರದು ಅಂತ ಮನಸ್ಸಿಟ್ಟು ಹೇಳಲು ಆಗುತ್ತಿಲ್ಲ. ಆದರೆ ರಾಬರ್ಟ್ ಬರ್ಕ್ ವಿಷಯ ಬಿಡುವುದಿಲ್ಲ.

ಹಾಸನದ ಇತಿಹಾಸ ಮೇಡಂ

ಬದಲಾಯಿಸು. ಬರ್ಕ್ ಕಥೆಯನ್ನೂ ಹೇಳು. ಪಕ್ಷ ಬದಲಾದದ್ದು ಯಾಕೆ ಅಂತ ಮೊದಲ ನಿಮಿಷದಲ್ಲೇ ಹೇಳಬೇಕು.

ಕುದುರೆಮುಖದ ಮಗ

ಮೇಡಂ, ಹೊರಗಿನವರು ಬರಬಹುದಾ? ಅಪ್ಪನಿಗೆ ಓದಿ ಹೇಳಿದೆ. ಅವರಿಗೂ ಒಂದು ಪ್ರಶ್ನೆ ಇದೆಯಂತೆ, ಷಾ ಕಾಲದ್ದು. ಕಳಸದಿಂದ ಬೆಳಗ್ಗೆ ಮೊದಲ ಬಸ್ಸಿಗೆ ಹೊರಟರೆ ಹತ್ತೂವರೆ ಒಳಗೆ ಹಾಸನ ಮುಟ್ಟುತ್ತೇವೆ.

ಹಾಸನದ ಇತಿಹಾಸ ಮೇಡಂ

ಖಂಡಿತ ಕರೆದುಕೊಂಡು ಬನ್ನಿ. ಹನ್ನೊಂದಕ್ಕೆ ಶುರು ಮಾಡುತ್ತೇವೆ. ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಇಡಿಸುತ್ತೇನೆ. ಅಪ್ಪನಿಗೆ ಮೆಟ್ಟಿಲು ಹತ್ತಲು ಕಷ್ಟ ಆದರೆ ತಿಳಿಸಿ, ಕೆಳಗಿನ ಕೋಣೆಯಲ್ಲೇ ಮಾಡೋಣ.